ನೇಮಕಲ್ಲಿನ ಸಿಂಧೂರ

ರಾಯದುರ್ಗದ ಹೊಲಿಗೆ ಯಂತ್ರಗಳು ಇನ್ನೂ ಸದ್ದು ಶುರು ಮಾಡಿಲ್ಲ. ಆಗಲೇ ಉಜ್ಜಿನಮ್ಮ ಸೆರಗು ಬಿಗಿದು, ಬಕೆಟ್ ಹಿಡಿದು ಸಾಹುಕಾರ ಚಂದ್ರಶೇಖರಯ್ಯನವರ ಗೇಟಿನೊಳಗೆ ಬಂದಾಗಿದೆ. ಜೀನ್ಸ್ ವ್ಯಾಪಾರಿಗಳ ಬೀದಿಯ ಏಳೆಂಟು ಕಾರುಗಳನ್ನು ಬಿಸಿಲೇರುವ ಮೊದಲು ತೊಳೆದು ಒರೆಸುವುದು ಇವರ ಕೆಲಸ. ಫಳಫಳ ಹೊಳೆಯುವ ಕಾರು ಊರಿಗೆಲ್ಲ ಕಾಣುತ್ತದೆ, ತಣ್ಣೀರಿಗೆ ಸೆಟೆದ ಬೆರಳು ಯಾರಿಗೂ ಕಾಣುವುದಿಲ್ಲ.

ಗಂಡ ತೀರಿದ ಮೇಲೆ ಕಣೇಕಲ್ಲು ಬಿಟ್ಟು ಬಂದವರು. ಮೊದಲು ಹೊಲಿದ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದರು, ಕಣ್ಣು ಮಂಜಾದಾಗ ಈ ಕೆಲಸ ಹಿಡಿದರು. ಒಬ್ಬನೇ ಮಗ ಈಶ್ವರ್, ಇದೇ ಚಂದ್ರಶೇಖರಯ್ಯನವರಿಗೆ ಡ್ರೈವರ್ ಆದ. “ಅವ್ನು ಓಡ್ಸೋ ಕಾರು ತಿಕ್ಕಾಕ ನಂಗ ಬ್ಯಾಸರಾನ ಆಗ್ತಿರ್ಲಿಲ್ರಿ” ಎನ್ನುತ್ತಾರೆ.

ಹೋದ ವರ್ಷ ಸಾಹುಕಾರರು ಹೊಸ ಕಾರು ತಂದರು. ಮುಂದಿನ ಗಾಜಿನ ಹಿಂದೆ ಅದಕ್ಕೊಂದು ಪುಟ್ಟ ಕ್ಯಾಮೆರಾ. ಏನಾದರೂ ಅಡ್ಡ ಬಂದದ್ದು ಅದಕ್ಕೆ ಕಂಡರೆ ಕಾರು ತಾನೇ ಬ್ರೇಕ್ ಹಾಕುತ್ತದೆ. ಒಂದು ಸಂಜೆ ದಿಢೀರನೆ ಬೈಕ್ ನುಗ್ಗಿದಾಗ, ಈಶ್ವರ್ ಕಾಲೊತ್ತುವ ಮೊದಲೇ ಕಾರು ನಿಂತಿತು. ಮನೆಗೆ ಬಂದು ಬೆರಗಿನಿಂದ ಹೇಳಿದ. ಉಜ್ಜಿನಮ್ಮನವರಿಗೆ ಕ್ಯಾಮೆರಾದ ಮಾತು ತಲೆಗೆ ಹತ್ತಲಿಲ್ಲ. ಮಗನನ್ನು ಕಾಯ್ದವನು ನೇಮಕಲ್ಲಿನ ಆಂಜನೇಯನೇ ಎಂದುಕೊಂಡರು. ಶನಿವಾರ ಹೋಗಿ ಕಾಯಿ ಒಡೆಸಿ ಸಿಂಧೂರ ತಂದರು. ಮರುದಿನ ನಸುಕಿನಲ್ಲಿ ಅದನ್ನು ಎಣ್ಣೆಯಲ್ಲಿ ಕಲಸಿ, ತೊಳೆದ ಗಾಜಿನ ಮೇಲ್ಭಾಗದಲ್ಲಿ, ನಟ್ಟನಡುವೆ, ಅಂಗೈಯಗಲ ಬಳಿದರು. ಕ್ಯಾಮೆರಾ ಇದ್ದದ್ದು ಅಲ್ಲೇ. ಕಾರು ಮಾರಿದವರು ಹಾರ ಹಾಕಿ ಸಿಹಿ ಹಂಚಿದ್ದರು. ಗಾಜಿನ ಹಿಂದೆ ಏನಿದೆ ಎಂದು ತೊಳೆಯುವವರಿಗೆ ಹೇಳುವಷ್ಟು ಪುರುಸೊತ್ತು ಯಾರಿಗಿತ್ತು?

ಅದೇ ಬೆಳಗ್ಗೆ ಬಳ್ಳಾರಿ ದಾರಿಯಲ್ಲಿ, ಮಬ್ಬುಗತ್ತಲಲ್ಲಿ ದೀಪವಿಲ್ಲದೆ ನಿಂತಿದ್ದ ಟ್ರ್ಯಾಕ್ಟರಿಗೆ ಕಾರು ಹೋಗಿ ಬಡಿಯಿತು. ಹಿಂದೆ ಕೂತಿದ್ದ ಚಂದ್ರಶೇಖರಯ್ಯ ಉಳಿದರು. ಈಶ್ವರ್ ಅಲ್ಲೇ ತೀರಿಕೊಂಡ.

ಉಜ್ಜಿನಮ್ಮ ಈಗಲೂ ಅದೇ ಮನೆಯ ಇನ್ನೊಂದು ಕಾರು ತೊಳೆಯುತ್ತಾರೆ. “ಹೊಟ್ಟಿ ಕೇಳಂಗಿಲ್ರಿ” ಎನ್ನುತ್ತಾರೆ. ನಿನ್ನದೇನು ತಪ್ಪು ಎಂದು ಬೀದಿಯವರು ಸಮಾಧಾನ ಹೇಳುತ್ತಾರೆ. ಆ ಸಮಾಧಾನ ಯಾವ ಕೆಲಸಕ್ಕೂ ಬರುವುದಿಲ್ಲ. ಏಕೆಂದರೆ ತಿಥಿಯ ದಿನ ಸಾಹುಕಾರರೇ ಒಂದು ಮಾತು ಹೇಳಿಬಿಟ್ಟಿದ್ದಾರೆ. ಹೊರಟ ಕೂಡಲೇ ಕ್ಯಾಮೆರಾ ಮುಚ್ಚಿದೆಯೆಂದು ಕಾರು ಎಚ್ಚರಿಸಿತ್ತಂತೆ. ಒರೆಸಿಬಿಡು ಎಂದು ತಾವು ಹೇಳಿದರೆ ಈಶ್ವರ್ ಒಪ್ಪಲಿಲ್ಲವಂತೆ. “ಬ್ಯಾಡ್ರಿ, ನಮ್ಮವ್ವ ಹಚ್ಯಾಳ. ಇವತ್ತೊಂದಿನ ಇರ್ಲಿ” ಎಂದನಂತೆ.

ಉಜ್ಜಿನಮ್ಮ ಒದ್ದೆ ಬಟ್ಟೆ ಹಿಂಡುತ್ತಾರೆ.

“ಯಾವತ್ತೂ ನನ್ನ ಮಾತಿಗೆ ಬೆಲಿ ಕೊಟ್ಟವನಲ್ರಿ ಅಂವ. ಅವತ್ತೊಂದಿನ ಯಾಕ ಕೊಟ್ನೋ.”