ಎಲೆ ಶೆಡ್ಡಿನಲ್ಲಿ ನನ್ನ ಆಫೀಸು

ಅವರ ಬಲಗೈ ಮೊಣಕೈವರೆಗೂ ಹಸಿರುಗಪ್ಪು. ಯಾವ ಸೋಪಿಗೂ ಜಗ್ಗದ ಚಹಾ ಎಲೆಯ ಕರೆ. ನಮ್ಮ ಬೆಟ್ಟದೂರು ಕಟ್ಟಬೆಟ್ಟಿನ ಸಣ್ಣ ಬೆಳೆಗಾರರು ತರುವ ಪ್ರತಿ ಮೂಟೆಯನ್ನೂ ಬಿಚ್ಚಿಸಿ, ಒಳಕ್ಕೆ ಕೈ ತೂರಿಸಿ ಬಿಸಿ ನೋಡುತ್ತಿದ್ದರು. ಬಿಗಿಯಾಗಿ ಕಟ್ಟಿಟ್ಟರೆ ಎಲೆ ಒಳಗೇ ಬೆಂದು ಕೆಂಪಾಗುತ್ತದೆ; ಕೊಡವಿ ನೆಲಕ್ಕೆ ಹರಡಬೇಕು. ಎಲೆ ಸೇರುವ ಆ ಶೆಡ್ಡನ್ನು ನೋಡಿಕೊಳ್ಳುತ್ತಿದ್ದ ಅವರು ಊರಿಗೆಲ್ಲ ಎಲೆ ಮಾವ. ಮೈಸೂರು ಕಡೆಯಿಂದ ಬಂದ ಮನೆತನ. ಬಯ್ಯುವುದು ಕನ್ನಡದಲ್ಲಿ, ಮುದ್ದು ಮಾಡುವುದು ತಮಿಳಿನಲ್ಲಿ; ನನ್ನನ್ನು ಕರೆಯುತ್ತಿದ್ದುದು ‘ಕಣ್ಣು’ ಎಂದು.

ನಾನು ವಿಮಾ ಕಂಪನಿಯೊಂದಕ್ಕೆ ಮನೆಯಿಂದ ಕೆಲಸ ಮಾಡುತ್ತಿದ್ದೆ. ಮನೆಯಿಂದ ಎನ್ನುವುದು ಹೆಸರಿಗೆ ಮಾತ್ರ. ನಮ್ಮ ಇಳಿಜಾರಿನಲ್ಲಿ ಸಿಗ್ನಲ್ ಸಿಗುತ್ತಿದ್ದುದು ಆ ಶೆಡ್ಡಿನ ಮೂಲೆಯಲ್ಲಷ್ಟೇ. ಅಲ್ಲಿ ಮೇಜು ಹಾಕಿಕೊಟ್ಟವರು ಅವರೇ. "ನಿನ್ನ ಆಫೀಸಿಗೆ ಬಾಗಿಲೇ ಇಲ್ಲ ಕಣ್ಣು, ಬೀಗದ ತಾಪತ್ರಯ ತಪ್ತು," ಎಂದು ಕಾಲೆಳೆಯುತ್ತಿದ್ದರು.

ಎಲ್ಲರೂ ಕೊಯಮತ್ತೂರಿನ ಆಫೀಸಿಗೆ ಮರಳಬೇಕೆಂದು ಆದೇಶ ಬಂತು. ಹೋದರೆ ನನಗೆ ಹಾಸ್ಟೆಲ್ಲು. ಇಲ್ಲಿ ಶಾಲಾ ಮಾಸ್ತರಾಗಿರುವ ಗಂಡ, ಮೂರು ವರ್ಷದ ಮಗಳು. ವಿನಾಯಿತಿ ಕೇಳಿದೆ. ವಿಡಿಯೋದಲ್ಲಿ ಮಾತಾಡೋಣ ಎಂದು ಮ್ಯಾನೇಜರು ಒಂದು ಮಧ್ಯಾಹ್ನ ಗೊತ್ತು ಮಾಡಿದರು.

ಅಂದು ಎಲೆ ಮಾವ ಮೂಟೆ ಹೊತ್ತು ಬಂದ ಹೆಂಗಸರನ್ನು ಶೆಡ್ಡಿನ ಹೊರಗೇ ತಡೆದರು; ನನಗೆ ಗೊತ್ತಾದದ್ದು ಆಮೇಲೆ. "ಅಲ್ಲೇ ಇಳಿಸ್ರಮ್ಮಾ. ಕೊಡವೋದೂ ಬೇಡ, ಮಾತೂ ಬೇಡ. ಇವಳ ಮೀಟಿಂಗು ಕೆಟ್ರೆ ಮಗು ಅಮ್ಮನ್ನ ಬಿಟ್ಟು ಬೆಳೀಬೇಕು."

ಮ್ಯಾನೇಜರು ಈಗ ಬಂದಾರು, ಆಗ ಬಂದಾರು ಎಂದು ಮೂರು ಗಂಟೆ ಕಾದೆ. ಕಿವಿಗೆ ಹೆಡ್‌ಫೋನ್ ಹಾಕಿದ್ದ ನನಗೆ ಹೊರಗಿನದೇನೂ ತಿಳಿಯಲಿಲ್ಲ. ಕೊನೆಗೆ ಬಂದವರು, "ಎದುರೆದುರು ಕೂತರೇ ಕೆಲಸಮ್ಮ. ತೆರೆಯ ಮೇಲೆ ಮನುಷ್ಯರು ಅರ್ಥ ಆಗಲ್ಲ," ಎಂದು ಎರಡು ನಿಮಿಷದಲ್ಲಿ ಮುಗಿಸಿದರು.

ಅಷ್ಟರಲ್ಲಿ ಬಿಸಿಲಿಗೆ ಮೂಟೆಗಳೊಳಗಿನ ಎಲೆ ಕೆಂಪಾಗಿತ್ತು. ಫ್ಯಾಕ್ಟರಿ ಲಾರಿಯವರು ಮುಟ್ಟಲಿಲ್ಲ. ಆ ನಷ್ಟ ತುಂಬಲು ಎಲೆ ಮಾವ ತಮ್ಮ ತೋಟದ ಆ ಸುತ್ತಿನ ಕೊಯ್ಲನ್ನು ಪೂರ್ತಿ ಆ ಹೆಂಗಸರಿಗೆ ಬಿಟ್ಟುಕೊಟ್ಟರು. ನಾನು ಅತ್ತುಬಿಟ್ಟೆ. "ಎಲೆ ಹದಿನೈದು ದಿನಕ್ಕೆ ಮತ್ತೆ ಚಿಗುರುತ್ತೆ ಕಣ್ಣು. ನೀನು ಹೋಗಿ ಬಾ," ಎಂದರು.

ಹೋದೆ. ಆಫೀಸಿನಲ್ಲೂ ಹೆಡ್‌ಫೋನ್ ಹಾಕಿಕೊಂಡು ದಿನವಿಡೀ ಬೇರೆ ಊರಿನವರ ಜೊತೆ ಮಾತಾಡುತ್ತೇನೆ. ಪಕ್ಕದ ಕುರ್ಚಿಯವರ ಹೆಸರೂ ಸರಿಯಾಗಿ ಗೊತ್ತಿಲ್ಲ. ಭಾನುವಾರ ಬೆಟ್ಟ ಹತ್ತಿ ಭಾನುವಾರವೇ ಇಳಿಯುತ್ತೇನೆ. ಸಾಕಾಗಿದೆ.

ಕಳೆದ ತಿಂಗಳು ಎಲೆ ಮಾವ ತೀರಿಕೊಂಡರು. ರಜೆ ಕೇಳಿದೆ. "ಸಂಬಂಧಿಕರಲ್ಲವಲ್ಲ. ಯಾರಾದರೂ ವಿಡಿಯೋದಲ್ಲಿ ತೋರಿಸ್ತಾರೆ, ನೋಡಿಬಿಡಿ," ಎಂದರು ಅದೇ ಮ್ಯಾನೇಜರು. ಎದ್ದು ಹೊರಟುಬಿಡಬಹುದಿತ್ತು. ಹೊರಡಲಿಲ್ಲ. ಆಫೀಸಿನ ಊಟದ ಕೋಣೆಯಲ್ಲಿ ನಿಂತು, ಊರಲ್ಲಿ ಗಂಡ ಹಿಡಿದ ಫೋನಿನ ಮೂಲಕ ಅವರ ಅಂತ್ಯಕ್ರಿಯೆ ನೋಡಿದೆ. ನನಗಾಗಿ ಊರಿನ ಎಲೆಯನ್ನೇ ಕೆಡಿಸಿಕೊಂಡವರಿಗೆ ನಾನು ಒಂದು ಮಧ್ಯಾಹ್ನ ಕೊಡಲಿಲ್ಲ.