ಸ್ವಾಮಿ ಬೇಡವೆಂದ ಮಕಮಲ್ಲು

ಹುಲಿಕುಂಟೆ ದಾರಿಯ ಆಂಜನೇಯಸ್ವಾಮಿಯನ್ನು ನಂಬಿದ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಶಿರಾದ ಟೈಲರ್ ನರಸಿಂಹಯ್ಯನ ನಮಸ್ಕಾರ. ಕಂಪ್ಯೂಟರ್ ಕೈಕೊಟ್ಟಿತು ಅಂತ ದೇವರ ಹತ್ತಿರ ಹೋದವನು ನಾನು. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಓದಿ.

ನನ್ನ ಮಗಳು ಸುಧಾಗೆ ಹುಟ್ಟಿನಿಂದ ಕಿವಿ ಕೇಳಿಸದು, ಬಾಯಿಮಾತೂ ಇಲ್ಲ. ಅವಳ ಮಾತೆಲ್ಲ ಕೈಯಲ್ಲೇ. ಅವಳ ಗಂಡ ಮಂಜುನಾಥನೂ ಹಾಗೆಯೇ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಜೋಡಿಸುವ ಕೆಲಸ, ಬಂಗಾರದಂಥ ಹುಡುಗ. ಹೋದ ಕಾರ್ತಿಕದಲ್ಲಿ ನನ್ನ ಹೆಂಡತಿ ಗಂಗಮ್ಮ ತೀರಿಕೊಂಡಳು. ಸಂಕ್ರಾಂತಿ ಹೊತ್ತಿಗೆ ಸುಧಾಗೆ ಗಂಡು ಮಗು ಆಯಿತು. ತಾಯಿಯಿಲ್ಲದ ಮನೆಗೆ ಬಾಣಂತನಕ್ಕೆ ಹೇಗೆ ಕರೆಯಲಿ? ಅವಳ ಅತ್ತೆಯೇ ಊರಿಂದ ಬಂದು ನೋಡಿಕೊಂಡರು. ನಾನು ಹೋಗಿ ಮಗುವಿನ ಮುಖ ನೋಡಿ, ಮಾರನೆಯ ದಿನದ ಬಸ್ಸಿಗೆ ವಾಪಸ್ ಬಂದೆ. ಅವರದು ಒಂದೇ ಕೋಣೆ, ಎಷ್ಟು ದಿನ ಅಂತ ಕೂರಲಿ?

ಆಮೇಲೆ ಮನೆಯಲ್ಲಿ ನಾನು, ನನ್ನ ಹೊಲಿಗೆ ಮಿಷನ್ನು. ಅದು ನಿಂತರೆ ಸದ್ದೇ ಇಲ್ಲ. ಗಿರಾಕಿ ಬಂದರೆ ಒಂದೆರಡು ಮಾತು, ಕೆಲವು ದಿನ ಅದೂ ಇಲ್ಲ. ಒಂದು ಬೆಳಗ್ಗೆ ಹಾಲಿನವನನ್ನು ಕೂಗಲು ಹೋದರೆ ದನಿಯೇ ಹೊರಡಲಿಲ್ಲ.

ಮಗಳಿಗೆ ಮೆಸೇಜ್ ಬರೆಯಬಹುದಲ್ಲ ಅನ್ನುತ್ತೀರಿ. ಬರೆಯುತ್ತೇನೆ, ಅವಳೂ ಬರೆಯುತ್ತಾಳೆ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ. ಅದು ಬರೀ ಸುದ್ದಿ. ಕೈಯಾಡಿಸಿ ಮಾತಾಡಿದರೆ ಅದು ನನ್ನ ಮಗಳು. ಫೋನಿನಲ್ಲಿ ಅವಳ ಬೆರಳು ಕಡ್ಡಿಯಷ್ಟು ಕಾಣುತ್ತಿತ್ತು. ನಾನೋ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ಅರ್ಧರ್ಧ ಮಾತಾಡಬೇಕು. ಅದಕ್ಕೇ ಅಳಿಯ ದೊಡ್ಡ ಪರದೆಯ ಕಂಪ್ಯೂಟರ್ ಕೊಡಿಸುತ್ತೇನೆಂದ. ಜೋಡಿಸಿ ಕಳಿಸಿದರೆ ದಾರಿಯಲ್ಲಿ ಒಡೆದೀತೆಂದು ಬಿಡಿ ಸಾಮಾನು ಕೊರಿಯರ್ ಮಾಡಿ, ಹೇಗೆ ಜೋಡಿಸಬೇಕೆಂದು ಕೈಮಾತಿನಲ್ಲೇ ವಿಡಿಯೊ ಕಳಿಸಿದ.

ಶಿವರಾತ್ರಿ ಕಳೆದ ಮೇಲೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎಲ್ಲ ಹರಡಿಕೊಂಡು ಕೂತೆ. ರವಿಕೆಗೆ ಹುಕ್ಸು ಹಾಕುವ ಕೈಗೆ ಸ್ಕ್ರೂ ಏನು ಮಹಾ? ಜೋಡಿಸಿ ಸ್ವಿಚ್ಚು ಒತ್ತಿದೆ. ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ಅಳಿಯನಿಗೆ ಬರೆದೆ. “ಮಾವ, ಒಳಗಿಂದ ಬೀಪ್ ಅಂತ ಸದ್ದು ಬರುತ್ತಾ? ಸ್ವಲ್ಪ ಕಿವಿಗೊಟ್ಟು ಕೇಳಿ” ಎಂದು ಉತ್ತರ ಬಂತು. ಹುಟ್ಟಿದಾಗಿನಿಂದ ಒಂದು ಸದ್ದೂ ಕೇಳದ ಹುಡುಗ! ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಬರುತ್ತಿದೆ ಎಂದೆ. “ಹಾಗಾದರೆ ರ‍್ಯಾಮ್ ಪಟ್ಟಿ ಸರಿಯಾಗಿ ಕೂತಿಲ್ಲ. ತೆಗೆದು ಗಟ್ಟಿಯಾಗಿ ಒತ್ತಿ. ಕೂತರೆ ಬೆರಳಿಗೆ ಗೊತ್ತಾಗುತ್ತೆ.” ಮುರಿದೀತೆಂಬ ಭಯಕ್ಕೆ ನಾನು ಆ ಸಣ್ಣ ಪಟ್ಟಿಯನ್ನು ಮೆಲ್ಲಗೆ ಒತ್ತಿದ್ದೆ. ಈ ಸಲ ಹಲ್ಲು ಕಚ್ಚಿ ಒತ್ತಿದೆ. ಪರದೆ ಬೆಳಗಿತು, ಕರೆ ಮಾಡಿದರೆ ಮಗಳು ಅದರ ತುಂಬ ಬಂದು ಎರಡೂ ಕೈ ಬೀಸಿದಳು.

ಆ ಖುಷಿಗೆ ಒಂದು ಕೆಲಸ ಮಾಡಿದೆ. ಸ್ವಾಮಿಗೆ ವಸ್ತ್ರ ಹೊಲಿದುಕೊಡುವುದು ನನ್ನ ಸೇವೆ; ಉಡಿಸಿ ತೆಗೆದ ವಸ್ತ್ರ ಪ್ರಸಾದವಾಗಿ ನನಗೇ ಬರುತ್ತದೆ. ಅಂಥದೊಂದು ಕೆಂಪು ವಸ್ತ್ರ ಬಿಚ್ಚಿ, ಕಂಪ್ಯೂಟರ್ ಡಬ್ಬಿಯ ಅಳತೆ ತೆಗೆದು, ಒಳಗೆ ಲೈನಿಂಗ್ ಕೊಟ್ಟು ಗವುಸು ಹೊಲಿದೆ. ಸ್ವಿಚ್ಚಿಗೊಂದು ಕಿಂಡಿ, ವೈರಿಗೊಂದು ಕಿಂಡಿ. ಧೂಳೂ ಬೇಡ, ಯಾರ ಕಣ್ಣೂ ಬೇಡ. ಎಂಥ ಫಿಟಿಂಗ್ ಅಂತೀರಿ, ಮದುಮಗನ ಕೋಟು!

ಯುಗಾದಿ ಹೊತ್ತಿಗೆ ಕಾಟ ಶುರುವಾಯಿತು. ಕರೆ ಮಾಡಿದ ಸ್ವಲ್ಪ ಹೊತ್ತು ಚೆನ್ನಾಗಿರುವುದು, ಆಮೇಲೆ ಚಿತ್ರ ತಡೆದು ತಡೆದು ಬರುವುದು. ಮಗಳ ಕೈ ಎದೆಯ ಹತ್ತಿರ ನಿಂತುಬಿಡುವುದು, ಮತ್ತೆ ನೋಡಿದರೆ ಕೆನ್ನೆಯ ಹತ್ತಿರ. ನಡುವಿನ ಮಾತೆಲ್ಲ ಹೋಯಿತು. ನಿಮ್ಮ ಮಕ್ಕಳ ದನಿ ಕಡಿದರೆ ನೀವು ಹಲೋ ಹಲೋ ಅಂತ ಕೂಗುತ್ತೀರಿ. ನಾನು ಏನಂತ ಕೂಗಲಿ? ಮತ್ತೆ ಹೇಳು, ಮತ್ತೆ ಹೇಳು ಎಂದು ಕೈಯಾಡಿಸುತ್ತಿದ್ದೆ. ಅವಳು ಏನೋ ಹೇಳಹೊರಟು, ಕೊನೆಗೆ ಕೈ ಇಳಿಸಿ, ಬಿಡು ನಾಳೆ ಎನ್ನುವಳು.

ಇಂಟರ್‌ನೆಟ್ ಬದಲಿಸಿದೆ. ಅಳಿಯ ಹೇಳಿದ್ದನ್ನೆಲ್ಲ ಒತ್ತಿದೆ. ಫ್ಯಾನ್ ತಿರುಗುತ್ತಾ ಎಂದ, ತಿರುಗುತ್ತೆ ಎಂದೆ. ಗವುಸಿನ ಸುದ್ದಿ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಇರ್ಫಾನ್ ಭಾಯಿ ಬಂದು, ಗವುಸು ತೆಗೆಸಿ, ಬಹಳ ಹೊತ್ತು ಓಡಿಸಿ ನೋಡಿದರು. “ಮಸ್ತಾಗಿ ಓಡ್ತೈತಲ್ಲ ಚಾಚಾ! ನಿಮ್ಗೆ ಸುಮ್ಕೆ ಫಿಕರ್ ಜಾಸ್ತಿ” ಎಂದು ಟೀ ಕುಡಿದು ಹೋದರು. ನಾನು ಕಣ್ಣಿಗೊತ್ತಿಕೊಂಡು ಗವುಸು ಮತ್ತೆ ಹಾಕಿದೆ. ಸಂಜೆ ಅದೇ ರಗಳೆ.

ಒಂದು ದಿನ ಮಗಳ ಮುಖ ಕಣ್ಣು ಕೆಳಗೆ ಮಾಡಿದ ಹಾಗೇ ನಿಂತುಹೋಯಿತು. ನಾನು ಅದರ ಮುಂದೆ ಕೂತೇ ಇದ್ದೆ. ಗಂಗಮ್ಮನನ್ನು ಮಣ್ಣು ಮಾಡಿ ಬಂದ ದಿನವೂ ನಾನು ಅಷ್ಟು ಒಂಟಿಯಾಗಿರಲಿಲ್ಲ. “ಏನಪ್ಪಾ ಸ್ವಾಮಿ, ನಿನಗೆ ಒಂದು ದಿನ ಅಳತೆ ತಪ್ಪಿ ಹೊಲಿದಿದ್ದೀನಾ? ಮಗಳ ಕೈ ಒಂದು ಸಲ ತಡೆಯಿಲ್ಲದೆ ತೋರಿಸು, ಮಕಮಲ್ಲಿನ ವಸ್ತ್ರ ಕೊಡ್ತೀನಿ” ಎಂದು ಜಗಳಕ್ಕೇ ನಿಂತೆ. ಕೆಲಸ ಆಗುವ ತನಕ ಕಾಯುವ ತಾಳ್ಮೆಯೂ ಇರಲಿಲ್ಲ. ಹರಕೆಯ ವಸ್ತ್ರವನ್ನು ಮೊದಲೇ ಹೊಲಿದು ಶನಿವಾರ ಹುಲಿಕುಂಟೆ ಬಸ್ಸು ಹತ್ತಿದೆ.

ಪೂಜಾರಿ ಕರಿಯಪ್ಪ ಗಂಟು ಬಿಚ್ಚಿ ನೋಡಿ ನಕ್ಕುಬಿಟ್ಟ. “ಅಲ್ಲ ಕಣಣ್ಣ, ಈ ಬಿಸ್ಲಲ್ಲಿ ಸ್ವಾಮಿಗೆ ಮಕಮಲ್ಲಾ? ಒಳ್ಗೆ ದೀಪದ ಕಾವು ಬ್ಯಾರೆ. ಬ್ಯಾಸ್ಗೆ ಮುಗಿಯೋಗಂಟ ಬರೀ ಗಂಧ, ಒಂದು ತೆಳ್ಳನೆ ಪಂಚೆ, ಅಷ್ಟೇಯ. ಧನುರ್ಮಾಸಕ್ಕೆ ತಂದ್ಕೊಡು.”

“ಹರಕೆ ಕಣಪ್ಪ ಇದು, ಬ್ಯಾಡ ಅನ್ಬ್ಯಾಡ.”

“ನಾನೆಲ್ಲಿ ಬ್ಯಾಡ ಅಂದೆ? ಸ್ವಾಮಿಗೆ ಸೆಕೆ ಆಯ್ತದೆ ಅಂದೆ. ಇಂಗೆ ಸುತ್ತಿ ಮಡಗ್ಬುಟ್ರೆ ನೀನಾದ್ರೂ ತಡ್ಕೋತೀಯಾ?”

ಬಸ್ಸಿನಲ್ಲಿ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತೆ. ಸ್ವಾಮಿಗೂ ನಾನು ಬೇಡವಾದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು. ಶಿರಾ ಬಂತೆಂದು ಗಂಟು ಎತ್ತಿದರೆ, ಅದಿದ್ದ ಜಾಗದಲ್ಲಿ ಪಂಚೆ ಬೆವರಿಗೆ ತೊಯ್ದು ಹೋಗಿತ್ತು. ಕಿಟಕಿಯ ಗಾಳಿ ಅಲ್ಲಿಗೆ ಬಡಿದು ತಣ್ಣಗಾಯಿತು. ಅಯ್ಯೋ ಶಿವನೇ, ಮನೆಯಲ್ಲಿ ಲೈನಿಂಗ್ ಹಾಕಿ ನಾನು ಸುತ್ತಿಟ್ಟಿರುವುದು ಯಾವುದನ್ನು?

ಮನೆಗೆ ಹೋದವನೇ ಸ್ವಿಚ್ಚು ಒತ್ತಿ, ಸ್ವಲ್ಪ ಹೊತ್ತು ಬಿಟ್ಟು ಗವುಸಿನೊಳಗೆ ಕೈ ಹಾಕಿದೆ. ಒಳ್ಳೇ ಇಸ್ತ್ರಿಪೆಟ್ಟಿಗೆ! ಆ ಕಾವಿಗೇ ಚಿತ್ರ ತಡೆದು ತಡೆದು ಬರುತ್ತಿದ್ದದ್ದು. ಗಾಳಿಯಾಡುವ ತೂತುಗಳಿಗೆಲ್ಲ ಲೈನಿಂಗಿನ ನೂಲು ಅಂಟಿಕೊಂಡಿತ್ತು. ಸ್ವಿಚ್ಚು ಆರಿಸಿ, ಬ್ರಷ್‌ನಲ್ಲಿ ಒರೆಸಿ, ಗವುಸನ್ನು ಮಡಿಸಿ ಸ್ವಾಮಿಯ ಪಟದ ಮುಂದೆ ಇಟ್ಟೆ. ಆಮೇಲೆ ಮಗಳಿಗೆ ಕರೆ ಮಾಡಿದೆ.

ಸುಧಾ ಮಗುವಿನ ನಿದ್ದೆ, ಅಳಿಯನ ಕೆಲಸ, ಉಪ್ಪು ಜಾಸ್ತಿಯಾದ ಸಾರು ಎಲ್ಲ ಹೇಳಿದಳು. ಒಂದು ಬೆರಳೂ ತಪ್ಪಲಿಲ್ಲ. ನಾನು ಬರೀ ನೋಡುತ್ತಿದ್ದೆ. ಆಮೇಲೆ ಅವಳ ಕೈ ನಿಂತಿತು. ಮತ್ತೆ ಕೆಟ್ಟಿತೇ ಎಂದು ಡಬ್ಬಿ ಮುಟ್ಟಿ ನೋಡಿದೆ. ಕೆಟ್ಟಿರಲಿಲ್ಲ, ಅವಳು ಯೋಚಿಸುತ್ತಿದ್ದಳು.

“ಅತ್ತೆ ಊರಿಗೆ ಹೋದರು, ಅಪ್ಪ. ಮಗುವಿಗೆ ಕಿವಿ ಕೇಳಿಸುತ್ತೆ ಅಂತ ಆಸ್ಪತ್ರೆಯಲ್ಲಿ ಹೇಳಿದ್ದಾರೆ. ನಮ್ಮ ಮನೆಯಲ್ಲಿ ಬಾಯಿಂದ ಮಾತಾಡೋರು ಯಾರೂ ಇಲ್ಲ. ನೀನು ದಿನಾ ಇವನ ಹತ್ತಿರ ಮಾತಾಡ್ತೀಯಾ? ಇದನ್ನ ಬರೆದು ಕೇಳೋಕೆ ನನಗೆ ಮನಸ್ಸಾಗಲಿಲ್ಲ.”

ಮಗುವನ್ನು ಪರದೆಯ ಮುಂದೆ ಹಿಡಿದಳು. ಕೆಮ್ಮಿ ದನಿ ಸರಿಮಾಡಿಕೊಂಡು, “ಲೇ ಕಂದಾ” ಎಂದೆ. “ನಾನು ಕಣ್ಲಾ, ನಿನ್ ತಾತ.”

ಕಾಲಾಡಿಸುತ್ತಿದ್ದ ಮಗು ಸುಮ್ಮನಾಗಿ ನನ್ನ ದನಿಯ ಕಡೆ ತಿರುಗಿತು. ಸುಧಾಗೆ ನನ್ನ ಮಾತು ಕೇಳಿಸಲಿಲ್ಲ. ಮಗು ತಿರುಗಿದ್ದನ್ನು ನೋಡಿಯೇ ಅವಳು ಅತ್ತಳು.

ಬಂಧುಗಳೇ, ಸ್ವಾಮಿ ನನ್ನ ಹರಕೆ ಬೇಡವೆಂದದ್ದಕ್ಕೇ ನಾನು ಬದುಕಿಕೊಂಡೆ. ಆತ ಕೊಟ್ಟಾಗ ಕೈಮುಗಿಯುತ್ತಿದ್ದೆ, ಈಗ ವಾಪಸ್ ಕಳಿಸಿದಾಗಲೂ ಮುಗಿಯುತ್ತೇನೆ. ಮಕಮಲ್ಲು ಧನುರ್ಮಾಸಕ್ಕೆ ಕಾದಿದೆ. ಮನೆ ಈಗಲೂ ಖಾಲಿಯೇ. ಆದರೆ ಸಂಜೆಯಾದರೆ ನನಗೆ ಕೆಲಸವಿದೆ. ಕಾಗೆ, ಕರು, ಬಸ್ಸು ಎಲ್ಲವನ್ನೂ ಮಗುವಿಗೆ ಬಾಯಿಬಿಟ್ಟು ಹೇಳಬೇಕು. ನಿನ್ನೆ “ನಿನ್ ಅಜ್ಜಿ ಹೆಸ್ರು ಗಂಗಮ್ಮ” ಎಂದು ಹೇಳಿಕೊಟ್ಟೆ. ಮಗಳ ಮನೆಯಲ್ಲಿ ಆ ಹೆಸರು ದನಿಯಾಗಿ ಕೇಳಿಸಿದ್ದು ಅದೇ ಮೊದಲು.