ಆಕ್ರಂದನಕ್ಕೆ ಓಡಿ ಬಂದ ಕೋಳಿಗಳು

ಗೆಳೆಯರೇ, ಬೆಳಿಗ್ಗೆ ಬಿಡುಗಡೆ ಮಾಡಿದ ನನ್ನ ಮೂರು ಎಲೆಕ್ಟ್ರಾನಿಕ್ ಟ್ರ್ಯಾಕ್‌ಗಳಿಗೆ ನೀವೆಲ್ಲ ಹಾರ್ಟ್ ಒತ್ತಿದ್ದೀರಿ. ಎರಡನೆಯದರ ಕೆಳಗೆ ‘ಬಿಸಿಲ ನಾಡಿನ ತಾಯಿಯೊಬ್ಬಳ ಆಕ್ರಂದನ’ ಎಂದು ಬರೆದಿದ್ದೆನಲ್ಲ, ಆ ಧ್ವನಿ ಮಾನ್ವಿಯಲ್ಲಿ ನಮ್ಮ ಪಕ್ಕದ ಮನೆಯ ಖಾಲಾ ಅವರದು. ಅವರಿಗೆ ಹೇಳದೆ ಮಾಳಿಗೆ ಮೇಲಿಂದ ರೆಕಾರ್ಡ್ ಮಾಡಿಕೊಂಡಿದ್ದೆ.

ಸಂಜೆ ಅವರ ಅಂಗಳದಲ್ಲೇ ಸ್ಪೀಕರ್ ಇಟ್ಟು ಹೆಮ್ಮೆಯಿಂದ ಕೇಳಿಸಿದೆ. ಅವರ ಮಗಳು ಶಬಾನಾ ಫೋನಿನಲ್ಲಿ ನನ್ನ ಬರಹವನ್ನು ಗಟ್ಟಿಯಾಗಿ ಓದಿದಳು.

“ಆಕ್ರಂದನ ಅಂದ್ರೇನಪ್ಪಾ?” ಎಂದರು ಖಾಲಾ.

“ಎದಿ ಒಡದು ಅಳೂದು, ಖಾಲಾ.”

“ನಾ ಯಾವಾಗ ಅತ್ತೆ?”

ಕಲೆಯ ಬಗ್ಗೆ ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಟ್ರ್ಯಾಕ್ ಕೊನೆಗೆ ಬಂತು. ಅಲ್ಲಿ ಮಾತ್ರ ಅವರ ಧ್ವನಿಯನ್ನು ಎಳೆಯದೆ, ತಿರುಚದೆ, ಇದ್ದ ಹಾಗೇ ಬಿಟ್ಟಿದ್ದೇನೆ: “ಆ, ಆ, ಆ, ಆ...”

ಗಾಡಿಯ ಕೆಳಗಿಂದ, ಬಚ್ಚಲ ಹಿಂದಿನಿಂದ ಖಾಲಾ ಅವರ ಕೋಳಿಗಳೆಲ್ಲ ರೆಕ್ಕೆ ಬಡಿಯುತ್ತ ಓಡಿ ಬಂದು ನನ್ನ ಸ್ಪೀಕರ್ ಸುತ್ತ ನಿಂತವು. ಶಬಾನಾ ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೆ ತಲೆ ಎತ್ತಲಾಗಲಿಲ್ಲ. ತಲೆ ತಗ್ಗಿಸಿದರೆ ಅಲ್ಲಿಯೂ ಕೋಳಿಗಳೇ ನನ್ನ ಮುಖ ನೋಡುತ್ತಿದ್ದವು.

ಖಾಲಾ ನಗಲಿಲ್ಲ, ಬೈಯಲೂ ಇಲ್ಲ. “ಸುಮ್ನ ಯಾಕ ನಿಂತೀಯಪ್ಪಾ? ಕರದ ಮ್ಯಾಲ ಕಾಳು ಹಾಕ್ಬೇಕು,” ಎಂದರು.

ನನ್ನ ಕೈ ಖಾಲಿ ಇತ್ತು.

‘ಆಕ್ರಂದನ’ವನ್ನು ಈಗಷ್ಟೇ ಅಳಿಸಿ ‘ಖಾಲಾ ಕೋಳಿ ಕರೆಯುತ್ತಿದ್ದಾರೆ’ ಎಂದು ತಿದ್ದಿದ್ದೇನೆ. ಬೆಳಿಗ್ಗೆ ‘ಕೇಳಿ ಕಣ್ಣೀರು ಬಂತು’ ಎಂದು ಬರೆದವರು ದಯವಿಟ್ಟು ಒಂದೊಂದು ಹಿಡಿ ಜೋಳ ಹಿಡಿದುಕೊಂಡು ಬನ್ನಿ.